ನಾನು ಕಸ ಎಂದ ಸಾಲುಗಳು

‘ಇದನ್ನು ಅವರು ಬರೆದಿರಲು ಸಾಧ್ಯವೇ ಇಲ್ಲ’ ಎಂದು ಹೇಳಿದವಳು ನಾನು. ಬೇರೆ ಯಾರೂ ಅಲ್ಲ. ಕೊಚ್ಚಿಯ ನಮ್ಮ ಆಫೀಸಿನ ಗಾಜಿನ ಕೋಣೆಯಲ್ಲಿ, ಐದು ಜನರ ಎದುರು, ಚಹಾ ಕುಡಿಯುತ್ತ ಹೇಳಿದೆ. ಹಾಗೆ ಹೇಳುವಾಗ, ಅದನ್ನು ಅವರೇ ಬರೆದದ್ದು ಎಂಬುದಕ್ಕೆ ಸಾಕ್ಷಿ ನನ್ನ ಮೇಜಿನ ಡ್ರಾಯರಿನಲ್ಲಿ ಬೀಗದೊಳಗಿತ್ತು — ಮತ್ತು ಆ ಕೋಣೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ.

ಮೊದಲು ಆಟದ ವಿಷಯ ಹೇಳಬೇಕು. ತೊಂಬತ್ತರ ದಶಕದಲ್ಲಿ ಕೇರಳದ ಕಾಲೇಜು ಹಾಸ್ಟೆಲುಗಳಲ್ಲಿ ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ಓಡಾಡಿದ ಕಂಪ್ಯೂಟರ್ ಆಟ ಅದು — ‘ಟ್ರಾನ್ಸ್‌ಫರ್ ಕುಟ್ಟನ್’. ಮೂರು ಭಾಗ. ಚಿತ್ರ ಕಡಿಮೆ, ಇಂಗ್ಲಿಷ್ ಮಾತು ಜಾಸ್ತಿ. ನಲವತ್ತು ದಾಟಿದರೂ ಮದುವೆಯಾಗದ ಗುಮಾಸ್ತ ಕುಟ್ಟನ್ ಪ್ರತಿ ಭಾಗದಲ್ಲೂ ಹೊಸ ಊರಿಗೆ ವರ್ಗವಾಗಿ ಬರುತ್ತಾನೆ, ಪ್ರೀತಿ ಹುಡುಕಿಕೊಂಡು ತಪ್ಪು ಬಾಗಿಲುಗಳನ್ನೇ ತಟ್ಟುತ್ತಾನೆ, ಟವೆಲು ಸುತ್ತಿಕೊಂಡು ಬೀದಿಯಲ್ಲಿ ಓಡುತ್ತಾನೆ, ಕೊನೆಗೆ ಇನ್ನೊಂದು ವರ್ಗಾವಣೆಯ ಆದೇಶ ಪಡೆಯುತ್ತಾನೆ. ಹದಿನೆಂಟು ದಾಟಿದವರ ಆಟ. ಪೋಲಿ ಮಾತುಂಟು, ಆದರೆ ನಗು ಯಾವಾಗಲೂ ಕುಟ್ಟನ ಮೇಲೆ, ಹೆಂಗಸರ ಮೇಲಲ್ಲ. ನಾವು ಏನು ಟೈಪ್ ಮಾಡಿದರೂ ಆಟದ ಹತ್ತಿರ ಒಂದು ಉತ್ತರ ಇರುತ್ತಿತ್ತು. ‘ಕೊಡೆ ತಿನ್ನು’ ಎಂದರೆ, ‘ತಿಂದಾಯಿತು. ಹೊರಗೆ ಮಳೆ. ಇನ್ನು ಯೋಚಿಸಿ’ ಎನ್ನುತ್ತಿತ್ತು. ಬರೆದವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಆ ಆಟಕ್ಕೆ ಮತ್ತೆ ಜೀವ ಕೊಡಲು ಹೊರಟದ್ದು ನಮ್ಮ ಪುಟ್ಟ ಕಂಪನಿ. ಯಜಮಾನರು ಬಿನು — ನಮಗೆಲ್ಲ ಬಿನು ಚೇಟ್ಟನ್, ಅಂದರೆ ಬಿನು ಅಣ್ಣ. ಹೊಸ ಸಂಭಾಷಣೆ ಬರೆಯುವ ಕೆಲಸ ನನ್ನದು.

ನಾನು ಕೇರಳದ ಗಡಿಯಲ್ಲಿರುವ ಕುಂಬಳೆ ಕಡೆಯ ಕನ್ನಡದವಳು, ಹರಿಣಾಕ್ಷಿ. ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದರು. ನಮ್ಮ ಮನೆತನದಲ್ಲಿ ಡಿಗ್ರಿ ಎಂಬ ಪದ ಮೊದಲು ಬಂದದ್ದು ನನ್ನ ಹೆಸರಿನ ಹಿಂದೆ; ಆ ಪ್ರಮಾಣಪತ್ರ ಕಟ್ಟು ಹಾಕಿಸಿಕೊಂಡು ದೇವರ ಪಟಗಳ ಸಾಲಿನಲ್ಲೇ ನೇತಾಡುತ್ತಿದೆ. ಅದರ ಬಗ್ಗೆ ನನಗೆ ಹೆಮ್ಮೆ. ಈಗಲೂ. ಅದನ್ನು ಸಂಪಾದಿಸಲು ಪಟ್ಟ ಪಾಡು ನನಗೆ ಗೊತ್ತು. ಆದರೆ ಆ ಹೆಮ್ಮೆಯ ಜೊತೆಗೇ ಒಂದು ಕೆಟ್ಟ ಚಾಳಿಯೂ ಬೆಳೆಯಿತು — ಡಿಗ್ರಿ ಇಲ್ಲದವರು ನನಗಿಂತ ಚೆನ್ನಾಗಿ ಏನಾದರೂ ಮಾಡಿದರೆ, ಇದರಲ್ಲಿ ಏನೋ ಮೋಸ ಉಂಟು ಎಂದೇ ಅನಿಸುತ್ತಿತ್ತು.

ಆಟ ಬರೆದವರು ಯಾರಿದ್ದರೂ ಸಂಪರ್ಕಿಸಿ ಎಂದು ಕಂಪನಿ ಪ್ರಕಟಣೆ ಹಾಕಿತ್ತು. ತಿರುವನಂತಪುರದ ಉಳ್ಳೂರಿನಿಂದ ಒಂದು ಪತ್ರ ಬಂತು. ನಾಗರಾಜಯ್ಯ, ಮಂಡ್ಯ ಕಡೆಯವರು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರು. ಬಿನು ಚೇಟ್ಟನ್ ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, ‘ನಿಂಙಳುಡೆ ಆಳಲ್ಲೇ? ನಿಮ್ಮವರೇ ಅಲ್ವಾ? ನೀನೇ ಹೋಗಿ ನೋಡು, ನಿಜವೋ ಸುಳ್ಳೋ’ ಎಂದರು.

ರೈಲಿನಲ್ಲಿ ಕೂತಾಗಲೇ ನಾನು ‘ಸುಳ್ಳು’ ಎಂದು ತೀರ್ಮಾನಿಸಿ ಆಗಿತ್ತು.

ಮೆಡಿಕಲ್ ಕಾಲೇಜಿನ ಹಿಂದಿನ ಬೀದಿ, ಔಷಧಿ ಅಂಗಡಿಯ ಮೇಲಿನ ಬಾಡಿಗೆ ಮನೆ. ನಾಗರಾಜಯ್ಯ ಬಾಗಿಲಲ್ಲೇ ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಶರ್ಟು. ಇದೂ ತಯಾರಿಯೇ ಎಂದುಕೊಂಡೆ.

‘ಎಷ್ಟು ಓದಿದ್ದೀರಿ ಸರ್?’ ನನ್ನ ಮೊದಲ ಪ್ರಶ್ನೆ ಅದೇ. ಈಗ ನೆನೆದರೆ...

‘ಪಿಯುಸಿ ಕಣಮ್ಮ. ಎರಡು ಸಲ ಕಟ್ಟಿದೆ. ಎರಡು ಸಲಾನೂ ಇಂಗ್ಲಿಷು ಕೈ ಕೊಡ್ತು.’

‘ಮತ್ತೆ ಆಟ ಪೂರ್ತಿ ಇಂಗ್ಲಿಷಲ್ಲೇ ಉಂಟಲ್ಲ?’

ಅವರು ನಕ್ಕರು. ‘ಅದು ಫೈಲ್ ಇಂಗ್ಲಿಷಮ್ಮ. ದಿನಾ ಬೆಳಗಿಂದ ಸಂಜೆವರೆಗೂ ಟೈಪ್ ಮಾಡ್ತಿದ್ನಲ್ಲ, ಅದನ್ನೇ ತಲೆಕೆಳಗು ಮಾಡಿದೆ. ಪ್ರೋಗ್ರಾಂ ಬರೆಯೋದು ಕಂಪ್ಯೂಟರ್ ಜೊತೆ ಬಂದ ಪುಸ್ತಕ ನೋಡಿ ಕಲಿತೆ. ಊಟದ ಟೈಮಲ್ಲಿ, ಆಫೀಸ್ ಕಂಪ್ಯೂಟರಲ್ಲೇ. ಹೆಸರು ಹಾಕಿದ್ರೆ ಮೆಮೊ ಬರ್ತಿತ್ತು — ಸರ್ಕಾರಿ ಮಿಷೀನಲ್ಲಿ ಪೋಲಿ ಆಟ!’

ಒಳಗಿನಿಂದ ಅವರ ಹೆಂಡತಿ ಶಾರದಮ್ಮನ ದನಿ ಬಂತು: ‘ನೀವು ನೋಡಿರೋದು ನಾನು ಪೋಲಿ ತೆಗೆಸಿದ ಮೇಲೆ ಉಳಿದದ್ದು ಕಣಮ್ಮ!’

ಗಂಡ ಹೆಂಡತಿ ಇಬ್ಬರೂ ಬಾಯಿಪಾಠ ಮಾಡಿಕೊಂಡ ಹಾಗಿದೆ — ನನ್ನ ತಲೆ ಓಡಿದ್ದು ಹೀಗೆ. ಬರೆದುಕೊಂಡು ಹೋಗಿದ್ದ ಪ್ರಶ್ನೆಗಳನ್ನು ತೆಗೆದೆ. ಎಲ್ಲಕ್ಕೂ ಸರಿ ಉತ್ತರ ಕೊಟ್ಟರು, ಒಂದನ್ನು ಬಿಟ್ಟು. ಎರಡನೇ ಭಾಗದಲ್ಲಿ ಕುಟ್ಟನ್ ಮಟ್ಟಾಂಚೇರಿಯ ಮೆಣಸಿನ ಗೋದಾಮಿನೊಳಗೆ ಹೋಗಬೇಕು, ಕಾವಲುಗಾರ ಬಿಡುವುದಿಲ್ಲ. ಏನು ಮಾಡಬೇಕು? ಆಟ ಆಡಿದ ಯಾರನ್ನು ಕೇಳಿದರೂ ಹೇಳುತ್ತಾರೆ: ಅವನಿಗೆ ಕಳ್ಳಿನ ಬಾಟ್ಲಿ ಕೊಡಬೇಕು.

ನಾಗರಾಜಯ್ಯ ತಲೆಯಾಡಿಸಿದರು. ‘ಬಾಟ್ಲಿ ಇಲ್ಲಮ್ಮ. ಮೂರು ಸಲ ಸೀನಬೇಕು. ಅಯ್ಯೋ ಪಾಪ, ನೆಗಡಿ ಅಂತ ಅವನೇ ಬಾಗಿಲು ತೆಗೆದು ಬಿಸಿನೀರು ಕೊಡ್ತಾನೆ.’

ನಾನು ತಪ್ಪು ಎಂದು ಗುರುತು ಹಾಕಿದೆ. ಒಳಗೊಳಗೇ ಖುಷಿಯಾಯಿತು — ಸಿಕ್ಕಿಬಿದ್ದರು ಎಂದು.

ಏನು ಬೇಕು ನಿಮಗೆ ಎಂದು ಕೇಳಿದೆ. ‘ದುಡ್ಡು ಗಿಡ್ಡು ಬೇಡಮ್ಮ. ಆಟದ ಕೊನೇಲಿ ನಮ್ಮಿಬ್ರ ಹೆಸರು — ನಂದು, ಶಾರದಂದು. ಆಮೇಲೆ ಕಂಪನಿ ಕಡೆಯಿಂದ ಒಂದು ಸರ್ಟಿಫಿಕೇಟು, ಸೀಲು ಹೊಡೆದು. ಜೀವಮಾನ ಪೂರ್ತಿ ಬೇರೆಯವರ ಸರ್ಟಿಫಿಕೇಟ್ ಟೈಪ್ ಮಾಡಿದೆ. ನಂದು ಅಂತ ಒಂದೂ ಇಲ್ಲ. ಸ್ವಲ್ಪ ಬೇಗ ಆದ್ರೆ ಒಳ್ಳೇದು. ಸಕ್ಕರೆ ಕಾಯಿಲೆ, ಕಣ್ಣು ಮಂಜಾಗ್ತಾ ಇದೆ.’

ದುಡ್ಡು ಬೇಡ ಎನ್ನುವವರನ್ನೇ ನಂಬಬಾರದು ಎಂದುಕೊಂಡು, ಅವರು ಕೊಟ್ಟ ಹಳೆಯ ಫ್ಲಾಪಿಗಳ ಡಬ್ಬಿ ಹಿಡಿದು ಕೊಚ್ಚಿಗೆ ಮರಳಿದೆ.

ಫ್ಲಾಪಿಗಳನ್ನು ತೆರೆದುಕೊಟ್ಟವನು ಸಹೋದ್ಯೋಗಿ ಅನೂಪ್. ಒಳಗಿದ್ದದ್ದು ಆಟದ ಮೂಲ ಪ್ರೋಗ್ರಾಂ. ಪ್ರೋಗ್ರಾಂ ಬರೆಯುವವರು ನಡುನಡುವೆ ತಮಗಾಗಿ ಟಿಪ್ಪಣಿ ಹಾಕಿಕೊಳ್ಳುವುದುಂಟು. ಯಂತ್ರ ಅದನ್ನು ಓದುವುದಿಲ್ಲ, ದಾಟಿ ಹೋಗುತ್ತದೆ. ಆ ಟಿಪ್ಪಣಿಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ.

‘ಶಾರದ ನಗಲಿಲ್ಲ. ಬದಲಿಸು.’

‘ಇದರಲ್ಲಿ ನರ್ಸಮ್ಮನ ಮರ್ಯಾದೆ ಹೋಗುತ್ತೆ ಅಂತ ಶಾರದ. ಬೇಡ. ಕುಟ್ಟನ ಪಂಚೆ ಹೋಗಲಿ.’

ಮತ್ತು ಮೆಣಸಿನ ಗೋದಾಮಿನ ಹತ್ತಿರ: ‘ಬಾಟ್ಲಿ ತೆಗೆದೆ. ಹಳೇ ಕಾಪಿ ಯಾರೋ ಒಯ್ದಾಯ್ತು, ಇರಲಿ. ಕಾವಲುಗಾರ ಬಡವ, ಅವನನ್ನ ಕುಡುಕ ಮಾಡ್ಬೇಡಿ ಅಂದ್ಲು. ಮೆಣಸಲ್ವಾ, ಮೂರು ಸಲ ಸೀನಲಿ.’

ನಾನು ತಪ್ಪು ಎಂದು ಗುರುತಿಸಿದ ಆ ಒಂದು ಉತ್ತರವೇ ಎಲ್ಲಕ್ಕಿಂತ ಸರಿಯಾದದ್ದಾಗಿತ್ತು. ಲೋಕವೆಲ್ಲ ಆಡಿದ್ದು ಹಳೆಯ ನಕಲು. ತಿದ್ದಿದ ಪ್ರತಿ ಈ ಡಬ್ಬಿಯಲ್ಲೇ ಉಳಿದಿತ್ತು. ಬರೆದವರಲ್ಲದೆ ಬೇರೆ ಯಾರಿಗೆ ಗೊತ್ತಿರಲು ಸಾಧ್ಯ?

ಅನೂಪ್ ಬಗ್ಗಿ ನೋಡಿದ. ‘ಇದು ಏದು ಭಾಷ, ಹರಿಣೀ? ಯಾವ ಭಾಷೆ, ಕನ್ನಡವಾ?’

ಒಂದು ಉಸಿರಿನಷ್ಟು ಸಮಯ ಇತ್ತು ನನಗೆ. ಇತ್ತು. ಆತುರದಲ್ಲಿ ಬಾಯಿ ತಪ್ಪಿತು ಎಂದು ನಾನು ಹೇಳಲಾರೆ.

‘ಕನ್ನಡ ಅಲ್ಲ. ಕಸ. ಟೈಪಿಸ್ಟ್ ಅಲ್ವಾ, ಕೀ ಒತ್ತಿ ಒತ್ತಿ ನೋಡಿದ್ದು.’

ಅವನು ನಂಬಿದ. ಕನ್ನಡದವಳು ನಾನಲ್ಲವೇ. ನಕಲು ಪ್ರತಿಯಿಂದ ಆ ಸಾಲುಗಳನ್ನು ಒಂದೊಂದಾಗಿ ಅಳಿಸಿದೆ. ಡಬ್ಬಿಯನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಮರುದಿನ ಗಾಜಿನ ಕೋಣೆಯಲ್ಲಿ ಆ ಮಾತು ಹೇಳಿದೆ — ‘ಇಂಗ್ಲಿಷಲ್ಲಿ ಎರಡು ಸಲ ಫೇಲಾದವರು. ಯಾರೋ ಇಂಜಿನಿಯರ್ ಬರೆದದ್ದನ್ನು ಇವರು ಟೈಪ್ ಮಾಡಿರಬಹುದು. ಇದನ್ನು ಅವರು ಬರೆದಿರಲು ಸಾಧ್ಯವೇ ಇಲ್ಲ.’

ಯಾಕೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಾನು ಬರೆದ ಹೊಸ ಮಾತುಗಳಿಗೆ ಆಫೀಸಿನಲ್ಲಿ ಯಾರೂ ನಗುತ್ತಿರಲಿಲ್ಲ. ನನ್ನದು ಬರೀ ಚುಚ್ಚುವ ನಗು. ಅವರದು ಕುಟ್ಟನನ್ನು ಬೀಳಿಸಿ, ಕೈಹಿಡಿದು ಎಬ್ಬಿಸುವ ನಗು. ಅದನ್ನು ಪಿಯುಸಿ ಪಾಸಾಗದ ಗಂಡ, ಅಡಿಗೆಮನೆಯಲ್ಲಿ ಕೂತು ಕೇಳುವ ಹೆಂಡತಿ ಸೇರಿ ಮಾಡಿದ್ದು ಎಂದರೆ — ಗೋಡೆಯ ಮೇಲಿನ ನನ್ನ ಪ್ರಮಾಣಪತ್ರಕ್ಕೆ ಏನು ಅರ್ಥ? ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ. ಸಿಗಲಿಲ್ಲ.

ಮೂರು ಸಲ ಸೀನುವುದನ್ನು ಹೊಸ ಆಟಕ್ಕೆ ಹಾಕಿದೆ. ನನ್ನದೆಂದು ಹಾಕಿದೆ. ಆಡಿ ನೋಡಿದವರು ಅತಿ ಹೆಚ್ಚು ನಕ್ಕದ್ದು ಅಲ್ಲಿಯೇ. ಬಿನು ಚೇಟ್ಟನ್ ಬೆನ್ನು ತಟ್ಟಿ, ‘ಎಡೋ, ಇದು ಹೇಗೆ ಹೊಳೆಯಿತು ನಿನಗೆ?’ ಎಂದರು. ‘ಸುಮ್ಮನೆ’ ಎಂದೆ.

ಕಂಪನಿ ನಾಗರಾಜಯ್ಯನವರಿಗೆ ವಿನಯದ ಒಂದು ಪತ್ರ ಬರೆದು ಕೈತೊಳೆದುಕೊಂಡಿತು. ಅವರಿಂದ ನನ್ನ ಫೋನಿಗೆ ಬಂದದ್ದು ಒಂದೇ ಸಂದೇಶ: ‘ಪರವಾಗಿಲ್ಲಮ್ಮ. ಆಟ ಬರಲಿ. ಡಬ್ಬಿ ಜೋಪಾನ.’

ಆ ‘ಜೋಪಾನ’ ನನ್ನನ್ನು ಸುಡತೊಡಗಿತು. ಬೆದರಿಕೆಯೇ ಇದು? ವಕೀಲರನ್ನು ಕಂಡಿದ್ದಾರೆಯೇ? ತಿರುವನಂತಪುರದ ಯಾವ ನಂಬರಿನಿಂದ ಕರೆ ಬಂದರೂ ಎತ್ತದೆ ಬಿಡುತ್ತಿದ್ದೆ. ಅನೂಪ್ ಕನ್ನಡ ಕಲಿಯುವ ಆಪ್ ಹಾಕಿಕೊಂಡಿದ್ದಾನೆ ಎಂದು ಯಾರೋ ಹೇಳಿದಾಗ — ಪಾಪ, ಮಂಗಳೂರಿನ ಹುಡುಗಿಯನ್ನು ಒಲಿಸಿಕೊಳ್ಳಲು — ನಾನು ಡ್ರಾಯರಿನ ಬೀಗ ಬದಲಿಸಿದೆ. ಕದ್ದವಳಿಗೆ ಊರೆಲ್ಲ ಕಳ್ಳರೇ.

ಆಟ ಬಿಡುಗಡೆಯಾಯಿತು. ಕೊನೆಯ ಪರದೆಯಲ್ಲಿ ‘ಕಥೆ, ಸಂಭಾಷಣೆ’ ಎಂದು ನನ್ನ ಹೆಸರು. ಊರಿಗೆ ಹೋದಾಗ ಅಮ್ಮನಿಗೆ ಆ ಪರದೆ ಒಂದನ್ನು ಮಾತ್ರ ತೋರಿಸಿದೆ. ಟವೆಲಿನ ಕುಟ್ಟನನ್ನು ತೋರಿಸುವ ಧೈರ್ಯ ಇರಲಿಲ್ಲ. ಅಮ್ಮ ಅಕ್ಷರಗಳ ಮೇಲೆ ಬೆರಳಾಡಿಸಿದರು.

‘ಇಷ್ಟೇ ಹೆಸರಾ? ಎಲ್ಲ ನೀನೊಬ್ಳೇ ಮಾಡಿದ್ದಾ ಮಾರಾಯ್ತಿ?’

‘ಹೌದಮ್ಮ.’

ಅಮ್ಮ ಹಿಗ್ಗಿದರು. ಬೀಡಿ ಎಲೆ ಕತ್ತರಿಸುತ್ತ ಏನೋ ನೆನೆದು, ‘ನಮ್ಮ ಬೀಡಿ ಲೆಕ್ಕ ತೆಗೆದುಕೊಳ್ಳುವ ಬ್ರಾಂಚಿನವ ಇದ್ದನಲ್ಲ — ಒಳ್ಳೆ ಬೀಡಿಯನ್ನೇ ಹಾಳು ಅಂತ ಹೇಳಿ ಬದಿಗೆ ಇಡುವವ. ಮತ್ತೆ ಅದನ್ನೇ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ತಿದ್ದ. ನಂಗೆ ಗೊತ್ತಾಗ್ತಿತ್ತು. ಎಂತ ಹೇಳುದು? ಕಲಿತವ ಅವ. ಈಗ ನೀನು ಕಲಿತಿದ್ದಿ, ನಿನ್ನದನ್ನು ಯಾರೂ ಹಾಗೆ ಮಾಡ್ಲಿಕ್ಕಾಗುದಿಲ್ಲ’ ಎಂದರು.

ಅವರು ನನ್ನನ್ನು ಹೊಗಳುತ್ತಿದ್ದರು. ನಾನು ಅಂಗಳಕ್ಕೆ ಹೋಗಿ ನಿಂತೆ.

ಕೊಚ್ಚಿಗೆ ಬಂದು ಡಬ್ಬಿಯನ್ನು ಬಿನು ಚೇಟ್ಟನ್ ಮೇಜಿನ ಮೇಲಿಟ್ಟು, ಎಲ್ಲ ಸಾಲುಗಳನ್ನೂ ಓದಿ ಅರ್ಥ ಹೇಳಿದೆ. ಅವರು ಡಬ್ಬಿಯ ಮುಚ್ಚಳ ಮುಚ್ಚಿ, ‘ಸೀನುವುದೂ ಅವರದೇನಾ?’ ಎಂದಷ್ಟೇ ಕೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಕೊನೆಯ ಪರದೆಗೆ ಗಂಡ ಹೆಂಡತಿ ಇಬ್ಬರ ಹೆಸರೂ ಬಂತು. ನನ್ನ ಹೆಸರು ತೆಗೆಯಿರಿ ಎಂದು ನಾನೇ ಹೇಳಿದೆ, ಕೆಲಸವನ್ನೂ ಬಿಟ್ಟೆ. ಇದನ್ನು ತ್ಯಾಗ ಎಂದು ಓದಬೇಡಿ. ಎರಡು ವರ್ಷ ತಡವಾಗಿ ಬಂದದ್ದನ್ನು ಹಾಗೆ ಕರೆಯುವುದಿಲ್ಲ.

ಬಿಡುವ ಮೊದಲು ಕಂಪನಿಯ ಪ್ರಮಾಣಪತ್ರವನ್ನು ಕನ್ನಡದಲ್ಲೇ ಮಾಡಿಸಿದೆ. ಕಾಗದದ ಮೇಲೆ ಉಬ್ಬಿ ನಿಲ್ಲುವಂಥ ಸೀಲು. ಮತ್ತೆ ಉಳ್ಳೂರು, ಮತ್ತೆ ಔಷಧಿ ಅಂಗಡಿಯ ಮೇಲಿನ ಮೆಟ್ಟಿಲು. ಈ ಸಲ ಬಾಗಿಲಲ್ಲಿ ಯಾರೂ ಕಾಯುತ್ತಿರಲಿಲ್ಲ. ನಾಗರಾಜಯ್ಯ ಕುರ್ಚಿಯಲ್ಲಿ ಕೂತಿದ್ದರು, ಮುಖ ಕಿಟಕಿಯ ಕಡೆಗೆ. ನಾನು ಒಳಗೆ ಬಂದರೂ ಅದು ನನ್ನ ಕಡೆ ತಿರುಗಲಿಲ್ಲ — ದನಿ ಕೇಳುವವರೆಗೆ.

ನಿಂತೇ ಎಲ್ಲ ಹೇಳಿದೆ. ಸಾಲುಗಳನ್ನು ಓದಿದ್ದು, ಕಸ ಎಂದದ್ದು, ಅಳಿಸಿದ್ದು, ಕದ್ದದ್ದು. ಪ್ರಮಾಣಪತ್ರವನ್ನು ಅವರ ಕೈಗಿಟ್ಟೆ. ಅವರು ಹೆಬ್ಬೆರಳಿನಿಂದ ಕಾಗದವನ್ನು ತಡವುತ್ತ ಹೋಗಿ, ಸೀಲಿನ ಮೇಲೆ ನಿಲ್ಲಿಸಿದರು.

‘ಸೀಲು ಇದೆ ಕಣೇ ಶಾರದ’ ಎಂದರು.

ಶಾರದಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಬಂದು, ಗಂಡನ ಕೈಯಿಂದ ಕಾಗದ ತೆಗೆದುಕೊಂಡರು. ನೋಡಲಿಲ್ಲ. ನನ್ನ ಕೈಗೇ ವಾಪಸು ಕೊಟ್ಟರು.

‘ಅವರಿಗೆ ಕಾಣಲ್ಲ ಈಗ. ನೀನೇ ಓದು — ಗಟ್ಟಿಯಾಗಿ. ನಿಂಗೆ ಕನ್ನಡ ಓದಕ್ಕೆ ಬರುತ್ತಲ್ಲ.’