ಅಣ್ಣನ ಮಾಂಸ ಮಾತ್ರ ಯಾಕೆ ಮೆತ್ತಗೆ

ನನ್ನ ಅಣ್ಣನನ್ನು ಬೀದಿಯವರೆಲ್ಲ ನಿಧಾನಣ್ಣ ಎಂದೇ ಕರೆಯುತ್ತಾರೆ. ಅವನು ಎರಡು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ನಾನು ಒಂದು ಲೋಟ ಚಹಾ ಕುಡಿದು ಮುಗಿಸಿರುತ್ತೇನೆ. ಅಂಥವನ ಮಾಂಸದಂಗಡಿಯ ಮುಂದೆ ಉದ್ದನೆಯ ಸಾಲು. ಎದುರಿಗೇ ಇರುವ ನನ್ನ ಅಂಗಡಿಗೆ ಗಾಜಿನ ಬಾಗಿಲು ಬೇರೆ, ನೊಣವೂ ಒಳಗೆ ಬರುವುದಿಲ್ಲ. ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ?

ಗಿರಾಕಿಗಳು ಹಾಳಾಗಿ ಹೋಗಲಿ. ನನಗೆ ಬೇಕಾದದ್ದು ಅಪ್ಪನ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು. ನಲವತ್ತು ವರ್ಷ ಕತ್ತಿ ಹಿಡಿದ ಅಪ್ಪ ಈಗ ಇರುವುದು ನನ್ನ ಮನೆಯಲ್ಲಿ, ಉಣ್ಣುವುದು ನನ್ನ ಹೆಂಡತಿ ಬಡಿಸಿದ್ದು. ಮಾಂಸ ಮಾತ್ರ ದೊಡ್ಡ ಮಗನ ಅಂಗಡಿಯದೇ ಆಗಬೇಕು. "ನಿಂದು ನನ್ನ ಕಟ್ಟಿಸಿದ ಹಲ್ಲಿಗೆ ಆಗಲ್ಲಪ್ಪ" ಎನ್ನುತ್ತಾನೆ. ಕೇಳಿದಾಗಲೆಲ್ಲ ಮೈಯೆಲ್ಲ ಉರಿಯುತ್ತದೆ.

ಇಬ್ಬರೂ ಕುರಿ ತರುವುದು ಒಂದೇ ಮಂದೆಯಿಂದ. ನನ್ನಲ್ಲಿ ಹೊಸ ಕೋಲ್ಡ್ ರೂಮ್ ಇದೆ. ಕೊಯ್ದು, ಚರ್ಮ ಸುಲಿದು, ತೊಳೆದದ್ದೇ ತಡ, ಒಳಗೆ ತಳ್ಳುತ್ತೇನೆ. ಅಣ್ಣನಾದರೋ ಹಿಂದಿನ ಜಾಲರಿ ಕೋಣೆಯಲ್ಲಿ ಕೊಕ್ಕೆಗೆ ನೇತುಹಾಕಿ, ಫ್ಯಾನ್ ತಿರುಗಿಸಿ, ಮಧ್ಯಾಹ್ನದವರೆಗೂ ಮತ್ತೆ ಮತ್ತೆ ಹೋಗಿ ಅದರ ತೊಡೆ ಒತ್ತಿ ನೋಡುತ್ತಾನೆ. ಫ್ರಿಜ್ಜಿಗೆ ಇಡುವುದು ಆಮೇಲೆ, ಮಾರುವುದು ಮರುದಿನ.

ನನ್ನ ಕೋಲ್ಡ್ ರೂಮ್ ಶುರುವಾದ ದಿನವೇ ಅವನು ಬಂದಿದ್ದ. "ಇಷ್ಟು ಬೇಗ ತಣ್ಣಗೆ ಮಾಡ್ಬೇಡ ಕಣೋ, ಯಾಕಂದ್ರೆ..."

"ನಿಂಗೆ ಹೊಟ್ಟೆ ಉರಿ ಕಣಣ್ಣ," ಎಂದೆ. ಅವನು ತನ್ನ ಅಂಗಡಿಗೆ ಹೊರಟುಹೋದ.

ಅಪ್ಪ ಅವನೊಬ್ಬನಿಗೇ ಏನೋ ಗುಟ್ಟು ಹೇಳಿಕೊಟ್ಟಿದ್ದಾನೆ, ಇವನು ಮಾಂಸಕ್ಕೆ ಏನನ್ನೋ ಹಚ್ಚುತ್ತಾನೆ ಎಂದು ನನ್ನ ಅನುಮಾನ. ಒಂದು ಶನಿವಾರ ಬೆಳಗ್ಗೆ ಅವನು ಮುಂದೆ ಗಿರಾಕಿಗಳ ನಡುವೆ ಮುಳುಗಿದ್ದಾಗ ಹಿಂಬಾಗಿಲಿಂದ ನುಗ್ಗಿದೆ. ಆಗಷ್ಟೇ ತೂಗುಹಾಕಿದ್ದ ಕುರಿಯ ಹಿಂಗಾಲೊಂದನ್ನು ಕತ್ತರಿಸಿ ಟವೆಲ್ಲಿನಲ್ಲಿ ಸುತ್ತಿದೆ. ಕಾಲು ಇನ್ನೂ ಬಿಸಿ ಇತ್ತು. ಓಡಿ ಬಂದು ನನ್ನ ಕೋಲ್ಡ್ ರೂಮಿನ ಮೂಲೆಯಲ್ಲಿ ಬಚ್ಚಿಟ್ಟೆ. ಅಣ್ಣನ ಮಾಂಸವನ್ನೇ ನನ್ನದೆಂದು ಉಣಿಸಿ ಅಪ್ಪನಿಂದ ಹೊಗಳಿಸಿಕೊಳ್ಳಬೇಕು ಎಂಬುದು ನನ್ನ ಹಂಚಿಕೆ.

ಭಾನುವಾರ ಹೆಂಡತಿ ಅದನ್ನು ಗಂಟೆಗಟ್ಟಲೆ ಬೇಯಿಸಿದಳು. ಅಪ್ಪ ಅಗಿದ, ಇನ್ನೂ ಅಗಿದ. ಕೊನೆಗೆ ತುಂಡನ್ನು ಬಾಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟ.

"ನಿನ್ನ ಅಂಗಡೀದು ತಾನೇ?"

"ಅಣ್ಣಂದು!" ಬಾಯಿ ಜಾರಿತು.

"ಸುಳ್ಳು ಹೇಳ್ಬೇಡ. ದೊಡ್ಡೋನು ಇಂಥ ಚಪ್ಪಲಿ ಚರ್ಮ ಮಾರಲ್ಲ."

ಸೀದಾ ಅಣ್ಣನ ಜಾಲರಿ ಕೋಣೆಗೆ ಹೋದೆ. ಕಳ್ಳ ನಾನು, ದಬಾಯಿಸಿದವನೂ ನಾನೇ. "ಆ ಕಾಲು ಯಾಕೆ ಗಟ್ಟಿಯಾಯ್ತು? ಏನು ಹಚ್ಚೋದು ಬಿಟ್ಟಿದ್ದೆ?"

ಅಣ್ಣ ತೊಡೆ ಒತ್ತುತ್ತಲೇ ಹೇಳಿದ: "ಏನೂ ಹಚ್ಚಲ್ಲ. ಕುರಿ ಸತ್ತರೂ ಮಾಂಸ ಕೂಡಲೇ ಸಾಯಲ್ಲ ಕಣೋ. ಒಳಗಿನ ಕಸುವು ಖರ್ಚಾಗೋಕೆ ಹೊತ್ತು ಹಿಡಿಯುತ್ತೆ. ಕಸುವು ಇರುವಾಗ್ಲೇ ಚಳಿ ತಗಲಿದ್ರೆ ಮುದುಡಿಕೊಳ್ಳುತ್ತೆ. ಹಾಗೆ ಮುದುಡಿದ್ದು ಎಷ್ಟು ಬೇಯಿಸಿದ್ರೂ ಬಿಡಲ್ಲ. ಕಸುವು ಮುಗಿದು ತಾನಾಗಿ ಸೆಟೆದುಕೊಳ್ಳೋ ತನಕ ಒತ್ತಿ ನೋಡ್ತಾ ಕಾದು, ಆಮೇಲೆ ತಣ್ಣಗೆ ಮಾಡ್ಬೇಕು. ಅವತ್ತು ಇದನ್ನೇ ಹೇಳೋಕೆ ಬಂದಿದ್ದೆ." ಆಮೇಲೆ ನನ್ನತ್ತ ತಿರುಗಿದ. "ಕದಿಯೋದು ಕದ್ದೆ, ಮಧ್ಯಾಹ್ನದ ತನಕ ಕಾಯೋಕೆ ಆಗ್ಲಿಲ್ವಾ?"

ನಾಚಿಕೆಯಾಯಿತು. ಅವನು ಬೈಯಲಿಲ್ಲವಲ್ಲ ಎಂದು ಅದಕ್ಕೂ ಹೊಟ್ಟೆಕಿಚ್ಚಾಯಿತು.

ಈಗ ನಾನೂ ಮಧ್ಯಾಹ್ನದವರೆಗೆ ತೊಡೆ ಒತ್ತುತ್ತಾ ಕಾಯುತ್ತೇನೆ. ಹೋದ ಭಾನುವಾರ ನನ್ನ ಅಂಗಡಿಯ ಮಾಂಸವನ್ನೇ ಅಪ್ಪನಿಗೆ ಬಡಿಸಿ ಅವನ ಬಾಯಿಯನ್ನೇ ನೋಡುತ್ತಾ ಕೂತೆ. ಅಪ್ಪ ಎರಡೇ ಸಲ ಅಗಿದು ನುಂಗಿ, ಕಣ್ಣು ಮುಚ್ಚಿ ತಲೆದೂಗಿದ.

"ನೋಡು, ದೊಡ್ಡೋನ ಮಾಂಸ ಅಂದ್ರೆ ಇದು!" ಎಂದ.

ನನ್ನದು ಎಂದರೆ ನಂಬುತ್ತಾನೆಯೇ? ಇನ್ನೊಂದು ತುಂಡು ಬಡಿಸಿದೆ.