ಒಲೆಯ ಮುಂದಿನ ಕಿಟಕಿ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಎಲ್ಲಿ ಹೊಸ ಮನೆಯ ವಾಸ್ತುಶಾಂತಿ ಇದ್ದರೂ ನಿಂಬೆವ್ವ ಹಾಜರು. ಕರೆದರೂ ಸರಿ, ಕರೆಯದಿದ್ದರೂ ಸರಿ. ಗೌಂಡಿಯಾದ ನಾನು ಕಟ್ಟಿದ ಒಂದು ಮನೆಯನ್ನೂ ಆಕೆ ಬಿಟ್ಟಿಲ್ಲ. ಉಳಿದವರು ಪಡಸಾಲೆಯ ಫರಸಿ ಕಲ್ಲಿನ ನೆಲ ಹೊಗಳುತ್ತ ನಿಂತರೆ, ಈಕೆ ಅಂಗಳದ ಗುಲಾಬಿ, ಮಲ್ಲಿಗೆಗಳನ್ನು ಮುಟ್ಟಿ ಮಾತಾಡಿಸಿ, ಸೀದಾ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತುಬಿಡುತ್ತಾಳೆ. ಆಮೇಲೆ ಎದೆಯೆತ್ತರದಲ್ಲಿ ಇಟ್ಟ ಕಿಟಕಿಯತ್ತ ಕತ್ತೆತ್ತಿ, “ಗೌಂಡಿಯಣ್ಣಾ, ಹೊರಗ ಇಷ್ಟು ಛಂದ ಹೂವಿನ ಗಿಡ ಅದಾವು, ರೊಟ್ಟಿ ಬಡಿಯಾಕಿಗೆ ಬರೇ ಆಕಾಶ ಏನು?” ಎನ್ನುತ್ತಾಳೆ. ಎಲ್ಲ ಮನೆಯಲ್ಲೂ ಇದೇ ಮಾತು. ಭೂಸನೂರಿನ ಒಂದು ವಾಸ್ತುಶಾಂತಿಯಲ್ಲಿ ಪಂಕ್ತಿಗೆ ಕೂತವರೆಲ್ಲ ಕೇಳಿ ನಕ್ಕಾಗ ನನ್ನ ತಲೆ ಕೆಟ್ಟಿತು. “ಏಳ ಬೇ! ನಿನ್ನ ಮನಿ ಕಟ್ಟು, ಅಲ್ಲಿ ನೆಲಕ್ಕ ಹಚ್ಚಿ ಕಿಟಕಿ ಇಡ್ತೇನಿ!” ಎಂದು ಕೂಗಾಡಿದೆ. “ಮಾತು ಕೊಟ್ಟಿ ನೋಡಪಾ,” ಎಂದಳು. ಈ ವರ್ಷ ಸರ್ಕಾರದಿಂದ ಆಕೆಗೆ ಜಾಗ ಸಿಕ್ಕಿತು. ಕೆಲಸ ಮಾತಾಡಲು ಆಕೆಯ ಬಾಡಿಗೆ ಕೋಣೆಗೆ ಹೋದೆ. ಒಂದೂ ಕಿಟಕಿ ಇಲ್ಲ. ಇಪ್ಪತ್ತು ವರ್ಷ ಹೊಗೆ ಹಿಡಿದ ಗೋಡೆಗೆ ಮುಖಮಾಡಿ ರೊಟ್ಟಿ ಬಡಿದಿದ್ದಾಳೆ. ಇವತ್ತು ಆಕೆಯ ಅಡುಗೆಮನೆಯ ಗೋಡೆ ಮೊಳಕಾಲೆತ್ತರ ಬಂದಾಗ, ಒಲೆ ಬರುವ ಜಾಗದಲ್ಲಿ ನಾನೇ ಕೂತು ನೋಡಿದೆ. “ಸಾಕು, ಇನ್ನ ಇಟ್ಟಂಗಿ ಬ್ಯಾಡ. ಕಿಟಕಿ ಇಲ್ಲಿಂದನ,” ಎಂದೆ ಆಳುಗಳಿಗೆ. ಎದುರಿಗೆ, ಆಕೆ ಆಗಲೇ ನೆಟ್ಟಿದ್ದ ಮಲ್ಲಿಗೆ ಕಾಣುತ್ತಿತ್ತು.