ಬಿಳಿ ಕೋಳಿಯ ಕೆಂಪು ಅಂಗಿ

ಟೈಲರಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳೆಂದು ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಮಿಷನ್ ತುಳಿಯುತ್ತಿದ್ದವಳು ಒಲೆ ನೋಡಲು ಏಳಬೇಕು, ಒಲೆಯ ಮುಂದಿದ್ದವಳು ಹಿತ್ತಲಿಗೆ ಓಡಬೇಕು. ಹಿತ್ತಲಲ್ಲಿ ಆರು ಕೋಳಿ. ಅದರಲ್ಲಿ ಕರಿಯದೊಂದು ಮಹಾ ಜಗಳಗಂಟಿ. ಗಂಡ ತೀರಿಕೊಳ್ಳುವ ಮುಂಚಿನ ವಾರ ಜೇಬಿನಲ್ಲಿ ಹಾಕಿಕೊಂಡು ತಂದ ಮರಿ ಅದು. ಹಾಗಾಗಿ ಅದರ ಮೇಲೆ ಅವಳಿಗೆ ಎಲ್ಲಿಲ್ಲದ ಅಕ್ಕರೆ.

ಒಂದು ದಿನ ಕಾಳಿನ ತಟ್ಟೆಯ ಹತ್ತಿರ ಕರಿಯದು ಬಿಳಿ ಕೋಳಿಯ ಬೆನ್ನು ಕುಕ್ಕಿ ನಾಲ್ಕು ಪುಕ್ಕ ಕಿತ್ತಿತು. ಚೂರು ರಕ್ತ ಬಂತು. ಟೈಲರಮ್ಮ ಸುಮ್ಮನಿರುವ ಜೀವವೇ? ಹೊಲಿದುಳಿದ ಬಟ್ಟೆಯ ಗಂಟು ಬಿಚ್ಚಿ, ಕೈಗೆ ಸಿಕ್ಕಿದ ಕೆಂಪು ತುಂಡಿನಲ್ಲಿ ಗಾಯ ಮುಚ್ಚುವಂಥ ಅಂಗಿಯೊಂದನ್ನು ಹೊಲಿದಳು. ಬಿಚ್ಚಿಹೋದೀತೆಂದು ಹೊಟ್ಟೆಯ ಕೆಳಗೆ ಎರಡೆರಡು ಹೊಲಿಗೆ ಬೇರೆ.

ಮಾರನೆಯ ದಿನದಿಂದ ಬಿಳಿಯದರ ಪಾಡು ನಾಯಿಪಾಡಾಯಿತು. ಮೂರೇ ದಿನಕ್ಕೆ ಕತ್ತೆಲ್ಲ ಗಾಯ. ಕುಕ್ಕಿದ್ದು ಯಾವುದೆಂದು ಅವಳು ನಿಂತು ನೋಡಲಿಲ್ಲ. ನಿಲ್ಲುವುದು ಅವಳಿಗೆ ಎಲ್ಲಿ ಗೊತ್ತು? ಒಂದರ ಕೊಬ್ಬಿಗೆ ಇನ್ನೊಂದು ಸಾಯಬೇಕೇ ಎಂದು ನಾಲ್ಕನೆಯ ಬೆಳಿಗ್ಗೆ ಕಣ್ಣೊರೆಸಿಕೊಳ್ಳುತ್ತಲೇ ಕರಿಯದನ್ನು ಹಿಡಿದು ಕೋಳಿ ಅಂಗಡಿಯವನಿಗೆ ಕೊಟ್ಟು ಬಂದಳು. ಆತುರಗಾರರಿಗೆ ಬುದ್ಧಿ ಮಟ್ಟ ಅನ್ನುವುದು ಸುಳ್ಳಲ್ಲ.

ಮಧ್ಯಾಹ್ನ ಅಕ್ಕ ಬಂದಳು. ಕೋಳಿ ಸಾಕಿಯೇ ತಲೆ ನರೆತವಳು. ಆ ಹೊತ್ತಿಗೆ ಹಿತ್ತಲಲ್ಲಿ ಗಲಾಟೆ. ಕರಿಯದು ಇಲ್ಲದಿದ್ದರೂ ಉಳಿದ ನಾಲ್ಕೂ ಸೇರಿ ಬಿಳಿಯದನ್ನು ಗೋಡೆಗೆ ಒತ್ತಿ ಕುಕ್ಕುತ್ತಿದ್ದವು. ಅಕ್ಕ ಅವನ್ನು ಓಡಿಸಿ ಬಿಳಿಯದನ್ನು ಎತ್ತಿಕೊಂಡಳು.

"ಕೆಂಪು ಕಂಡ್ರೆ ಕೋಳಿ ಬಿಡುತ್ತಾ? ರಕ್ತ ಅಂದ್ಕೊಂಡು ಕುಕ್ತಾನೇ ಇರುತ್ತೆ. ಈ ಅಂಗಿ ಯಾರು ಹಾಕಿದ್ದು?"

ಟೈಲರಮ್ಮ ಕೊರಳಲ್ಲಿ ಟೇಪು ನೇತಾಡುತ್ತಿದ್ದ ಹಾಗೇ, ಚಪ್ಪಲಿಯನ್ನೂ ಮೆಟ್ಟದೆ ಕೋಳಿ ಅಂಗಡಿಗೆ ಓಡಿದಳು. ದಾರಿಯುದ್ದಕ್ಕೂ ಒಂದೇ ಬೇಡಿಕೆ: ಇವತ್ತೊಂದು ದಿನ ಅವನು ಸೋಮಾರಿಯಾಗಿರಲಿ.

ಅಂಗಡಿಯವನು ಹಲಗೆ ತೊಳೆಯುತ್ತಿದ್ದ. ಬುಟ್ಟಿ ಖಾಲಿ.

"ನೀವು ಆ ಕಡೆ ಹೋದ್ರಿ, ಈ ಕಡೆ ಆಯ್ತಮ್ಮ. ಬೇಗ ಮುಗಿಸಿಬಿಡು ಅಂದಿದ್ರಲ್ಲ."

ಹೌದು, ಅಂದಿದ್ದಳು. ಕಾದು ಕಾದು ಹೆದರದಿರಲಿ ಎಂದು.

ಮನೆಗೆ ಬಂದು ಬಿಳಿ ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕತ್ತರಿ ಹಿಡಿದಳು. ಗಿರಾಕಿಗಳು ಬಾಗಿಲಲ್ಲಿ ಕೂಗಿ ಕೂಗಿ ಹೋದರು, ಒಲೆಯ ಮೇಲಿನದು ಸೀದು ಹೋಯಿತು. ಅವಳು ಏಳಲಿಲ್ಲ. ಹೊಲಿಗೆ ಗಟ್ಟಿಯಾಗಿತ್ತು, ಗಾಯ ತಾಗದಂತೆ ಬಿಚ್ಚುವಷ್ಟರಲ್ಲಿ ಸಂಜೆಯಾಯಿತು.